ಐದನೆಯ ಕಿಟಕಿ

ನಾನು ಚರ್ಚುಗಳ ಫೋಟೋ ತೆಗೆಯಲು ಶುರುಮಾಡಿದ್ದು ಚುನಾವಣೆಯಿಂದಾಗಿ. ಹೀಗೆಂದರೆ ಕೇಳಿದವರು ನಗುತ್ತಾರೆ, ಆದರೆ ನಡೆದದ್ದು ಹಾಗೆಯೇ. ನರಿಮೊಗರಿನ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ನಮ್ಮಂಥವರಿಗೆ ಚುನಾವಣೆಯ ಡ್ಯೂಟಿ ತಪ್ಪುವುದಿಲ್ಲ. ಆ ಸಲ ನನ್ನನ್ನು ಹಾಕಿದ್ದು ಕಡಬದಿಂದ ಆಚೆಗಿನ ಒಂದು ಊರಿಗೆ. ಮತಗಟ್ಟೆ ಇದ್ದದ್ದು ಶಾಲೆಯಲ್ಲಿ, ಆಟದ ಬಯಲು ದಾಟಿದರೆ ಚರ್ಚು. ಕೇರಳದ ಕಡೆಯಿಂದ ಬಂದು ರಬ್ಬರು ಹಾಕಿದ ಕುಟುಂಬಗಳು ಹಿಂದೆ ಕಟ್ಟಿಸಿಕೊಂಡದ್ದು. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ, ಅಲ್ಲಿಯವರಿಗೆ ಓದಿದ ಕೂಡಲೇ ಗೊತ್ತಾಗುತ್ತದೆ.

ಮತದಾನದ ಹಿಂದಿನ ದಿನ ಯಂತ್ರಗಳನ್ನು ಇಟ್ಟು, ಸಹಿ ಹಾಕುವುದನ್ನೆಲ್ಲ ಮುಗಿಸಿ ಜಗಲಿಗೆ ಬಂದು ನಿಂತೆ. ಇಳಿಬಿಸಿಲು ಚರ್ಚಿನ ಪಕ್ಕದ ಗೋಡೆಗೆ ಬಿದ್ದಿತ್ತು. ಗೋಡೆಯಲ್ಲಿ ಸಾಲಾಗಿ ಎಂಟು ಕಿಟಕಿ. ಎಲ್ಲದರ ತಲೆಯೂ ಚೂಪು. ನಾನು ಒಂಬತ್ತನೇ ತರಗತಿಯವರಿಗೆ ವರ್ಷವರ್ಷವೂ ಸಮಬಾಹು ತ್ರಿಭುಜ ರಚಿಸುವುದನ್ನು ಹೇಳಿಕೊಡುತ್ತೇನೆ. ಒಂದು ಗೆರೆ ಎಳೆಯಬೇಕು. ಅದರ ಒಂದು ತುದಿಗೆ ಕೈವಾರದ ಮುಳ್ಳು ಚುಚ್ಚಿ ಇನ್ನೊಂದು ತುದಿಯಿಂದ ಕಂಸ ಎಳೆಯಬೇಕು. ಆಮೇಲೆ ಮುಳ್ಳನ್ನು ಆಚೆ ತುದಿಗೆ ಹಾಕಿ ಮತ್ತೊಂದು ಕಂಸ. ಎರಡೂ ಸೇರಿದಲ್ಲಿ ತ್ರಿಭುಜದ ಮೇಲಿನ ಬಿಂದು. ಮಕ್ಕಳು ಕೊನೆಗೆ ಕಂಸಗಳನ್ನು ಅಳಿಸಿ ತ್ರಿಭುಜವನ್ನು ಮಾತ್ರ ಉಳಿಸುತ್ತಾರೆ. ಇಲ್ಲಿ ಯಾರೋ ತ್ರಿಭುಜವನ್ನು ಅಳಿಸಿ ಕಂಸಗಳನ್ನು ಉಳಿಸಿದ್ದರು. ಇಪ್ಪತ್ತು ವರ್ಷ ಕಲಿಸಿದ ಪಾಠ ಗೋಡೆಯ ಮೇಲೆ ನಿಂತದ್ದನ್ನು ನಾನು ನೋಡಿದ್ದು ಆಗಲೇ. ಬಯಲು ದಾಟಿ ಹೋಗಿ ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದೆ.

ಚರ್ಚಿನ ಗಂಟೆ ಹೊಡೆಯುವುದು, ದೀಪ ಹಚ್ಚುವುದು ಇತ್ಯಾದಿ ನೋಡಿಕೊಳ್ಳುವವರನ್ನು ಅಲ್ಲಿ ಕಪ್ಯಾರ್ ಎನ್ನುತ್ತಾರೆ. ಅವರು ಹೊರಗೆ ಬಂದು ನನ್ನನ್ನು ನೋಡಿದರು.

"ಎಂತಕ್ಕೆ ಟೀಚರೇ ಫೋಟೋ? ಪೇಪರಿಗಾ?"

"ಅಲ್ಲ. ನನಗೆ ನೋಡ್ಲಿಕ್ಕೆ."

"ನೋಡ್ಲಿಕ್ಕೆ ಚರ್ಚೇ ಉಂಟಲ್ಲ ಇಲ್ಲಿ," ಎಂದರು. ಆದರೆ ಬಾಗಿಲು ತೆರೆದು ಒಳಗಿನಿಂದಲೂ ತೋರಿಸಿದರು.

ಇಂಥ ಕಟ್ಟಡಕ್ಕೆ ಗೋಥಿಕ್ ಎನ್ನುತ್ತಾರೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಯುರೋಪಿನಲ್ಲಿ ಅದು ಆಕಾಶಕ್ಕೆ ಏರಿದ ಕಲ್ಲಿನ ಕೆಲಸ. ನಮ್ಮ ಕಡೆಗೆ ಬಂದದ್ದು ಅದರ ಆಕಾರ ಮಾತ್ರ. ಕಲ್ಲು ನಮ್ಮದೇ ಕೆಂಪು ಮುರಕಲ್ಲು, ಮೇಲೆ ಸುಣ್ಣದ ಗಾರೆ, ಅದರ ಮೇಲೆ ಮಂಗಳೂರು ಹಂಚು. ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕಿನಲ್ಲಿ ಹುಡುಕಿದರೂ ಹಳೆಯ ಚೂಪು ಕಮಾನು ಇರುವ ಚರ್ಚು ಕೈಬೆರಳಲ್ಲಿ ಎಣಿಸುವಷ್ಟು. ಹೆಚ್ಚಿನವು ಹೊಸ ಕಾಂಕ್ರೀಟು. ಕೆಲವು ಕಡೆ ಎದುರಿನ ಗೋಡೆ ಮಾತ್ರ ಗೋಥಿಕ್, ಹಿಂದೆ ಹೋದರೆ ನಮ್ಮ ಶಾಲೆಯ ಹಾಗೆಯೇ ಉದ್ದನೆಯ ಕಟ್ಟಡ.

ನನ್ನ ಗಂಡನಿಗೆ ಪುತ್ತೂರಿನಲ್ಲಿ ವಿದ್ಯುತ್ ಸಾಮಾನಿನ ಅಂಗಡಿ. ಅವರ ಗೆಳೆಯರೊಬ್ಬರು ಸ್ಟುಡಿಯೋ ಮುಚ್ಚುವಾಗ ಅವರ ಕ್ಯಾಮೆರಾ ನಮ್ಮ ಮನೆಗೆ ಬಂತು. ಭಾನುವಾರ ಬೆಳಿಗ್ಗೆ ಚರ್ಚುಗಳಲ್ಲಿ ಪೂಜೆ, ಆದ್ದರಿಂದ ಮಧ್ಯಾಹ್ನ ಊಟ ಮುಗಿಸಿ ನಾವಿಬ್ಬರು ಕಾರಿನಲ್ಲಿ ಹೊರಡುತ್ತಿದ್ದೆವು. ನಾನು ಗೋಡೆಯ ಸುತ್ತ ತಿರುಗುತ್ತಿದ್ದರೆ ಅವರು ನೆರಳು ನೋಡಿ ಕಾರು ನಿಲ್ಲಿಸಿ ನಿದ್ದೆ ಮಾಡುತ್ತಿದ್ದರು. ಸುಳ್ಯದ ಕಡೆಯ ನನ್ನ ತವರಿಗೂ ಹೀಗೆಯೇ ಒಂದು ಸಲ ಹೋದೆವು. ಕ್ಯಾಮೆರಾ ನೋಡಿದ ಅಮ್ಮ, ಮನೆಯವರದ್ದೆಲ್ಲ ತೆಗೆಯುತ್ತೇನೆಂದುಕೊಂಡು ಒಳಗೆ ಹೋಗಿ ಸೀರೆ ಬದಲಿಸಿ ಬಂದರು. ನಾನು ದಾರಿಯಲ್ಲಿ ತೆಗೆದ ಕಿಟಕಿಗಳನ್ನು ತೋರಿಸಿದೆ. ಅವರು ಒಂದೊಂದನ್ನೂ ನೋಡಿ, ಒಳ್ಳೆಯದುಂಟು, ಆದರೆ ಬಾಗಿಲು ಹಾಕಿದ ಮನೆಯ ಹಾಗೆ ಎಂದರು. ಆಮೇಲೆ ಅವರದ್ದೂ ಎರಡು ತೆಗೆದೆ.

ಶಾಲೆಯಲ್ಲಿ ಒಬ್ಬಿಬ್ಬರು ಕೇಳಿದ್ದುಂಟು. "ನಮ್ಮ ದೇವಸ್ಥಾನಗಳದ್ದು ತೆಗೆಯುದಿಲ್ವಾ ಮೇಡಂ?" ನಾನು ಇದ್ದ ವಿಷಯ ಹೇಳಿದೆ. ನನಗೆ ಬೇಕಾದದ್ದು ಕಮಾನು, ಅದು ಅಲ್ಲಿ ಉಂಟು. ಕೇಳಿದವರು ಒಪ್ಪಿದರೋ ಇಲ್ಲವೋ, ಮತ್ತೆ ಕೇಳಲಿಲ್ಲ.

ಈ ಕೆಲಸದಲ್ಲಿ ಒಂದು ತೊಂದರೆ ಇದೆ. ಎತ್ತರದ ಗೋಡೆಯನ್ನು ಕೆಳಗೆ ನಿಂತು, ಕ್ಯಾಮೆರಾ ಮೇಲಕ್ಕೆತ್ತಿ ತೆಗೆದರೆ ಫೋಟೋದಲ್ಲಿ ಗೋಡೆ ಹಿಂದಕ್ಕೆ ಬಿದ್ದ ಹಾಗೆ ಬರುತ್ತದೆ. ನೆಟ್ಟಗಿನ ಗೆರೆಗಳು ಮೇಲೆ ಹೋದ ಹಾಗೆ ಒಂದಕ್ಕೊಂದು ಹತ್ತಿರವಾಗುತ್ತವೆ. ಕಂಪ್ಯೂಟರಿನಲ್ಲಿ ಅದನ್ನು ನೇರ ಮಾಡಲಿಕ್ಕೆ ಆಗುತ್ತದೆ. ಅದನ್ನು ಕಲಿತ ಮೇಲೆ ನನಗೆ ಅದೇ ಒಂದು ಖುಷಿಯಾಯಿತು. ಮಕ್ಕಳ ಉತ್ತರಪತ್ರಿಕೆ ತಿದ್ದಿ ಅಭ್ಯಾಸವಾದ ಕೈ. ಗೋಡೆಗಳನ್ನೂ ತಿದ್ದುತ್ತಾ ಕೂತೆ.

ಕಡಬದಿಂದ ಆಚೆಗಿನ ಆ ಮೊದಲಿನ ಚರ್ಚಿಗೆ ಮೂರು ನಾಲ್ಕು ಸಲ ಹೋಗಿರಬಹುದು. ಎಂಟು ಕಿಟಕಿಗಳನ್ನೂ ಹೊರಗಿನಿಂದ ಒಂದೊಂದಾಗಿ, ಒಂದೇ ದೂರದಿಂದ ತೆಗೆದಿದ್ದೆ. ಏಳು ಕಿಟಕಿಗಳು ನೇರ ಮಾಡಿದ ಕೂಡಲೇ ಸರಿಯಾಗಿ ಕೂತವು. ಐದನೆಯದು ಎಷ್ಟು ಮಾಡಿದರೂ ಕೂರಲಿಲ್ಲ. ಎರಡು ಪಕ್ಕದ ಗೋಡೆ ನೇರವಾದರೂ ಕಮಾನಿನ ತುದಿ ನಡುವಿಗೆ ಬರುತ್ತಿರಲಿಲ್ಲ. ನಾನು ನಿಂತ ಜಾಗವೇ ಸರಿ ಇರಲಿಲ್ಲವೆಂದುಕೊಂಡೆ. ಚಿತ್ರದ ಯಾವ ಭಾಗವನ್ನಾದರೂ ಹಿಡಿದು ಎಳೆಯುವ ಒಂದು ಉಪಕರಣ ಅದರಲ್ಲಿ ಉಂಟು. ಅದರಿಂದ ತುದಿಯನ್ನು ಹಿಡಿದು ನಡುವಿಗೆ ಎಳೆದೆ. ಎಂಟೂ ಒಂದೇ ಸಮ ಆದವು.

ಆ ಚರ್ಚನ್ನು ಕೆಡವುತ್ತಾರೆ ಎಂದು ಹೇಳಿದ್ದು ಕಪ್ಯಾರ್. ಹಂಚಿನ ಮಾಡಿನ ಮರ ಹಾಳಾಗಿತ್ತು. ಕುಟುಂಬಗಳು ಹೆಚ್ಚಾಗಿದ್ದರಿಂದ ಭಾನುವಾರ ಅರ್ಧ ಜನ ಹೊರಗೆ ನಿಲ್ಲುತ್ತಿದ್ದರು. ಹೊಸದು, ದೊಡ್ಡದು ಬೇಕಾಗಿತ್ತು. ಅದರಲ್ಲಿ ತಪ್ಪು ಹುಡುಕಲು ನನಗೆ ಏನೂ ಇರಲಿಲ್ಲ. ಅಲ್ಲಿಯ ಪಾದ್ರಿಗಳು ನನಗೆ ಫೋನ್ ಮಾಡಿ, ಹಳೆಯ ಚರ್ಚಿನ ಕೊನೆಯ ಹಬ್ಬದ ದಿನ ನಿಮ್ಮ ಫೋಟೋಗಳನ್ನು ಚರ್ಚಿನ ಸಭೆಯ ಹಾಲಿನಲ್ಲಿ ಇಡಬಹುದಾ ಎಂದು ಕೇಳಿದರು. ನನ್ನ ಫೋಟೋಗಳನ್ನು ಕೇಳಿದವರಲ್ಲಿ ಅವರೇ ಮೊದಲನೆಯವರು. ಪುತ್ತೂರಿನಲ್ಲಿ ಹನ್ನೆರಡು ಫೋಟೋ ದೊಡ್ಡದಾಗಿ ಪ್ರಿಂಟ್ ಮಾಡಿಸಿ ಫ್ರೇಮು ಹಾಕಿಸಿದೆ. ನಾಲ್ಕು ಒಳಗಿನದ್ದು, ಎಂಟು ಕಿಟಕಿಗಳದ್ದು.

ಹಬ್ಬದ ದಿನ ಆ ಸಭೆಯ ಹಾಲು ತುಂಬಿತ್ತು. ಜನ ಫೋಟೋಗಳ ಮುಂದೆ ನಿಂತು, ಇಲ್ಲಿ ನನ್ನ ಮದುವೆಯಾದದ್ದು, ಇಲ್ಲಿ ನಮ್ಮ ಅಪ್ಪಚ್ಚನ್, ನಮ್ಮ ಅಜ್ಜ, ಕೂರುತ್ತಿದ್ದದ್ದು ಎಂದು ಮಾತಾಡುತ್ತಿದ್ದರು. ಆಗ ಪಾದ್ರಿಗಳು ಒಬ್ಬ ಮುದುಕರನ್ನು ಕೈಹಿಡಿದು ಕರೆದುಕೊಂಡು ಬಂದರು. ಬಿಳಿ ಮುಂಡು, ಹೆಗಲಿಗೆ ಬೈರಾಸು, ಎಂಬತ್ತರ ಹತ್ತಿರ ವಯಸ್ಸು. ಜೊತೆಗೆ ಅವರ ಮಗಳು.

"ಈ ಚರ್ಚು ಕಟ್ಟಿದ ಮೇಸ್ತ್ರಿಯವರು," ಎಂದರು ಪಾದ್ರಿಗಳು. "ಕೆಲಸ ಮಾಡಿದವರಲ್ಲಿ ಈಗ ಇರುವುದು ಇವರೊಬ್ಬರೇ. ರಾಮಕುಂಜದ ಹತ್ತಿರ ಮನೆ."

ಮೇಸ್ತ್ರಿಯವರು ಒಂದೊಂದು ಫೋಟೋದ ಮುಂದೆಯೂ ನಿಂತರು. ಕಿಟಕಿಗಳ ಮುಂದೆ ಬಂದಾಗ ಬೆರಳೆತ್ತಿ ಎಣಿಸಿದರು. ಐದನೆಯದರ ಮುಂದೆ ತುಂಬಾ ಹೊತ್ತು ನಿಂತು ನನ್ನ ಕಡೆ ತಿರುಗಿದರು. ಅವರು ತುಳುವಿನಲ್ಲಿ ಮಾತಾಡಿದ್ದು, ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇದು ಯಾವುದರದ್ದು ಟೀಚರೇ?"

"ಐದನೆಯ ಕಿಟಕಿ."

"ಪಕ್ಕದಲ್ಲಿ ಮಳೆನೀರಿನ ಪೈಪು ಉಂಟು. ಹಾಗಾದ್ರೆ ಐದನೆಯದ್ದೇ ಆಗ್ಬೇಕು. ಆದ್ರೆ ಇದು ಅದಲ್ಲ."

ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. "ಅದೇ ಮೇಸ್ತ್ರಿಯವರೇ. ನಾನೇ ತೆಗೆದದ್ದಲ್ವಾ."

"ಇದರ ಮೂಗು ಬಲಕ್ಕೆ ಇರ್ಬೇಕು," ಎಂದು ಅವರು ಬೆರಳಿನಿಂದ ಗಾಜಿನ ಮೇಲೆ ತೋರಿಸಿದರು. "ಇಷ್ಟು."

ಆಗ ನಾನು ಒಂದು ಮಾತು ಹೇಳಿದೆ. ತರಗತಿಯಲ್ಲಿ ಮಾತಾಡುವ ಗಟ್ಟಿ ಸ್ವರದಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಕ್ಯಾಮೆರಾ ಸುಳ್ಳು ಹೇಳುದಿಲ್ಲ ಅಜ್ಜ. ತುಂಬಾ ವರ್ಷ ಆಯ್ತಲ್ಲ, ನಿಮಗೆ ಮರೆತಿರ್ಬಹುದು."

ಅವರು ನನ್ನನ್ನು ನೋಡಿದರು, ಮತ್ತೆ ಫೋಟೋವನ್ನು ನೋಡಿದರು. "ಇರ್ಬಹುದು. ಕಣ್ಣು ಮಂಜು," ಎಂದರು. ಮಗಳು ನನ್ನ ಹತ್ತಿರ ಬಂದು ಮೆಲ್ಲ, "ಬೇಜಾರು ಮಾಡ್ಬೇಡಿ ಟೀಚರೇ, ಅಪ್ಪನಿಗೆ ಪ್ರಾಯ ಆಯ್ತು," ಎಂದು ಹೇಳಿ ಅವರನ್ನು ಊಟಕ್ಕೆ ಕರೆದುಕೊಂಡು ಹೋದರು.

ಮರುದಿನ ಶಾಲೆಯಿಂದ ಬಂದು ಕಂಪ್ಯೂಟರಿನಲ್ಲಿ ಐದನೆಯ ಕಿಟಕಿಯ ಮೂಲ ಫೋಟೋ ತೆರೆದೆ. ತೆರೆಯುವ ಮೊದಲೇ ನನಗೆ ಗೊತ್ತಿತ್ತು ಎಂದು ಕಾಣುತ್ತದೆ, ಏಕೆಂದರೆ ಚಹಾ ಮಾಡಿದ್ದನ್ನು ಕುಡಿಯದೆ ಕೂತಿದ್ದೆ. ತುದಿ ಬಲಕ್ಕೆ ಇತ್ತು. ಅಳತೆಯ ಗೆರೆ ಹಾಕಿ ನೋಡಿದೆ. ಬೇರೆ ಬೇರೆ ದಿನ, ಬೇರೆ ಬೇರೆ ಜಾಗದಲ್ಲಿ ನಿಂತು ತೆಗೆದ ಇನ್ನೂ ಮೂರು ಫೋಟೋ ಇದ್ದವು. ಎಲ್ಲದರಲ್ಲೂ ತುದಿ ಬಲಕ್ಕೇ. ಕ್ಯಾಮೆರಾ ಸುಳ್ಳು ಹೇಳಿರಲಿಲ್ಲ. ಹೇಳಿದ್ದು ನಾನು.

ಅಂಗಡಿಯಿಂದ ಬಂದ ಗಂಡನಿಗೆ ಎರಡನ್ನೂ ತೋರಿಸಿದೆ.

"ಒಂದಿಂಚಿನ ವಿಷಯ. ಯಾರಿಗೆ ಗೊತ್ತಾಗ್ತದೆ ಮಾರಾಯ್ತಿ?" ಎಂದರು.

"ಅವರಿಗೆ ಗೊತ್ತಾಯ್ತಲ್ಲ."

"ಹಾಗಾದ್ರೆ ಹೋಗಿ ಹೇಳುದೇ ಒಳ್ಳೆಯದು. ನಾನು ಬರ್ತೇನೆ."

ತಿದ್ದದೇ ಇದ್ದ ಫೋಟೋದ ಪ್ರಿಂಟು ತೆಗೆಸಿ, ಪಾದ್ರಿಗಳಲ್ಲಿ ದಾರಿ ಕೇಳಿಕೊಂಡು, ಮುಂದಿನ ಭಾನುವಾರ ಉಪ್ಪಿನಂಗಡಿಯ ಮೇಲೆ ರಾಮಕುಂಜಕ್ಕೆ ಹೋದೆವು. ದಾರಿಯುದ್ದಕ್ಕೂ ನಾನು ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಮಕ್ಕಳ ಎದುರಿಗೆ ಲೆಕ್ಕ ತಪ್ಪಿದರೆ ಅಳಿಸಿ ಮತ್ತೆ ಬರೆಯುತ್ತೇನೆ, ಅದಕ್ಕೆ ನಾಚಿಕೆಯಿಲ್ಲ. ಇದು ಬೇರೆ. ತುಂಬಿದ ಹಾಲಿನಲ್ಲಿ ಒಬ್ಬರ ಕೆಲಸದ ವಿಷಯವನ್ನು ಅವರಿಗೇ ಗೊತ್ತಿಲ್ಲ ಎಂದು ಹೇಳಿದ್ದೆ.

ಮೇಸ್ತ್ರಿಯವರು ಅಂಗಳದಲ್ಲಿ ಕೂತು ಕತ್ತಿಗೆ ಹಿಡಿ ಹಾಕುತ್ತಿದ್ದರು. ಮಗಳು ಕುರ್ಚಿ ತಂದಿಟ್ಟರು. ನಾನು ಜೋಡಿಸಿದ್ದೆಲ್ಲ ಬಿಟ್ಟು ಪ್ರಿಂಟನ್ನು ಅವರ ಕೈಗೆ ಕೊಟ್ಟೆ.

"ನೀವು ಹೇಳಿದ್ದು ಸರಿ ಮೇಸ್ತ್ರಿಯವರೇ. ನಾನು ಕಂಪ್ಯೂಟರಿನಲ್ಲಿ ಎಳೆದು ನೇರ ಮಾಡಿದ್ದೆ. ಅಷ್ಟು ಜನರ ಎದುರು ನಿಮಗೆ ಹಾಗೆ ಹೇಳ್ಬಾರದಿತ್ತು. ತಪ್ಪಾಯ್ತು."

ಅವರು ಫೋಟೋವನ್ನು ಬೆಳಕಿಗೆ ಹಿಡಿದರು. "ಹಾಂ. ಇದು ನಮ್ಮದು," ಎಂದರು. ನನ್ನ ತಪ್ಪಿನ ವಿಷಯಕ್ಕೆ ಅವರು ಬರಲೇ ಇಲ್ಲ. "ಅದನ್ನು ನೇರ ಮಾಡ್ಲಿಕ್ಕೂ ಆಗ್ತದಾ?" ಎಂದು ಕೇಳಿದರು.

"ಫೋಟೋದಲ್ಲಿ ಆಗ್ತದೆ."

"ಫೋಟೋದಲ್ಲಿ," ಎಂದು ಅವರು ತಲೆಯಾಡಿಸಿದರು.

ಆಮೇಲೆ ಹೇಳಿದರು. ಆ ಚರ್ಚಿನ ಕೆಲಸ ಹಿಡಿದದ್ದು ಅವರ ಅಣ್ಣ. ಇವರು ಆಗ ಅಣ್ಣನ ಕೈಕೆಳಗೆ ಕೆಲಸ ಕಲಿಯುತ್ತಿದ್ದವರು. ಇಬ್ಬರಿಗೂ ಚೂಪು ಕಮಾನು ಕಟ್ಟಿ ಗೊತ್ತಿರಲಿಲ್ಲ. ಕೇರಳದಿಂದ ಬಂದ ಒಬ್ಬ ಬಡಗಿ ನೆಲದ ಮೇಲೆ ಎರಡು ಮೊಳೆ ಹೊಡೆದು, ಹಗ್ಗ ಕಟ್ಟಿ ಎಳೆದು ತೋರಿಸಿದ. ಅದರ ಅಳತೆಗೆ ಮರದ ಒಂದು ಅಚ್ಚು ಮಾಡಿಕೊಟ್ಟ. ಆ ಅಚ್ಚನ್ನು ಕಿಟಕಿಯ ಮೇಲೆ ಕೂರಿಸಿ, ಎರಡೂ ಕಡೆಯಿಂದ ಕಲ್ಲು ಇಡುತ್ತಾ ಹೋಗಿ ತುದಿಯಲ್ಲಿ ಸೇರಿಸಬೇಕು. ಗಾರೆ ಗಟ್ಟಿಯಾದ ಮೇಲೆ ಅಚ್ಚು ತೆಗೆದು ಮುಂದಿನ ಕಿಟಕಿಗೆ.

"ನಾಲ್ಕು ಆಯ್ತು. ಐದನೆಯದಕ್ಕೆ ಅಣ್ಣ ಎಡದ ಕಡೆ ಮುಗಿಸಿ ಬಲಕ್ಕೆ ತಿರುಗುವಾಗ ಸಾರುವೆಯ ಹಗ್ಗ ಬಿಟ್ಟಿತು. ಅಣ್ಣ ಕೆಳಗೆ. ಬೀಳುವಾಗ ಅಚ್ಚನ್ನು ಹಿಡ್ಕೊಳ್ಳಿಕ್ಕೆ ನೋಡಿದ. ಸೊಂಟ ಹೋಯ್ತು."

"ಹೋದ್ರಾ?" ಎಂದು ಗಂಡ ಕೇಳಿದರು.

"ಇಲ್ಲ, ಇಲ್ಲ. ಮತ್ತೆ ಇಪ್ಪತ್ತು ಮೂವತ್ತು ವರ್ಷ ಇದ್ದ. ಏಣಿ ಹತ್ತಲಿಲ್ಲ, ಅಷ್ಟೇ. ಅಲ್ಲಿ ಆ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದ."

ಕೆಲಸ ಒಂದು ತಿಂಗಳು ನಿಂತಿತು. ಆಮೇಲೆ ಇವರು ಒಬ್ಬರೇ ಹೋಗಿ ಬಲಭಾಗ ಕಟ್ಟಿದರು. ಅಣ್ಣ ಹಿಡಿದುಕೊಂಡಾಗ ಅಚ್ಚು ಬಲಕ್ಕೆ ಜರುಗಿದ್ದು ಇವರಿಗೆ ಗೊತ್ತಾಗಲಿಲ್ಲ. ಅಚ್ಚು ತೆಗೆದ ಮೇಲೆ ನೋಡಿದರೆ ಎಡದ ಕಂಸ ಒಂದು ಲೆಕ್ಕದಲ್ಲಿ, ಬಲದ್ದು ಒಂದು ಲೆಕ್ಕದಲ್ಲಿ. ಸೇರುವಲ್ಲಿ ಒಂದು ಬೆಣೆಕಲ್ಲು ಹೊಡೆದು ಮುಚ್ಚಿದ್ದರು. ಆಗಿನ ಪಾದ್ರಿಗಳಿಗೂ ಕಂಡಿತು. ಬಿಚ್ಚಿ ಕಟ್ಟುತ್ತೇನೆ ಎಂದು ಇವರು ಹೇಳಿದರಂತೆ.

"ಬಿಚ್ಚಿದ್ರೆ ಅಣ್ಣನದ್ದೂ ಬಿಚ್ಚಬೇಕು. ಪಾದ್ರಿ ಅಚ್ಚನ್ ಬೇಡ ಅಂದ್ರು. ನನಗೂ ಮನಸ್ಸಿರಲಿಲ್ಲ. ಮನೆಗೆ ಬಂದ್ರೆ ಅಣ್ಣ ದಿನಾ ಕೇಳುದು, ಐದನೆಯದು ಸೇರಿತಾ, ತುದಿ ನಡುವಿಗೆ ಬಂತಾ ಅಂತ. ಬಂತು ಅಂದೆ. ಅವನು ಇರುವವರೆಗೂ ಹಾಗೆಯೇ ಹೇಳಿದೆ." ಅವರು ಪ್ರಿಂಟನ್ನು ಮೊಣಕಾಲ ಮೇಲೆ ಇಟ್ಟುಕೊಂಡರು. "ಮೊನ್ನೆ ಹಾಲಿನಲ್ಲಿ ನೋಡಿದ್ದು ನಾನು ಅಣ್ಣನಿಗೆ ಹೇಳಿದ ಕಿಟಕಿ ಟೀಚರೇ. ಕಟ್ಟಿದ್ದು ಇದು."

ಮಗಳು ಚಹಾದ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. "ಇದನ್ನು ನನಗೆ ಒಂದಿನವೂ ಹೇಳ್ಲಿಲ್ಲ ಅಪ್ಪ," ಎಂದರು.

"ನೀನು ಕೇಳ್ಲಿಲ್ಲ," ಎಂದರು ಮೇಸ್ತ್ರಿಯವರು.

ಕೆಡವುವ ಮೊದಲು ಆ ಕಿಟಕಿಯನ್ನು ಸರಿಯಾಗಿ ಅಳೆಯಬೇಕು ಎಂದು ನನಗೆ ಅನಿಸಿತು. ಪಾದ್ರಿಗಳು ಅಡ್ಡಿಯಿಲ್ಲ ಎಂದರು. ಮುಂದಿನ ಎರಡನೇ ಶನಿವಾರ ನಾವು ಮೇಸ್ತ್ರಿಯವರನ್ನೂ ಕಾರಿನಲ್ಲಿ ಕರೆದುಕೊಂಡು ಹೋದೆವು. ಕಪ್ಯಾರ್ ಹಲಸಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟರು. ವಿದ್ಯುತ್ ಕೆಲಸದ ಏಣಿ ತಂದಿದ್ದೆವು, ಗಂಡ ಹತ್ತಿದರು. ಮೇಸ್ತ್ರಿಯವರು ಕೂತಲ್ಲಿಂದಲೇ ಶುರುಮಾಡಿದರು.

"ಟೇಪು ಆಮೇಲೆ. ಮೊದಲು ನೂಲಿಗೆ ಗುಂಡು ಕಟ್ಟಿ ಇಳಿಸಿ. ತುದಿಯಿಂದ, ತುದಿಯಿಂದ. ಗಾಳಿ ನಿಲ್ಲಲಿ. ಮುಟ್ಟಬೇಡಿ ಮಾರಾಯ್ರೆ, ಅದೇ ನಿಲ್ತದೆ."

ಎರಡು ಗಂಟೆ ಅವರು ನಮ್ಮಿಬ್ಬರನ್ನೂ ಹೀಗೆ ಬೈದರು. ಅಷ್ಟು ಹುರುಪಿನಲ್ಲಿ ಅವರನ್ನು ನೋಡಿದ್ದು ಅಂದೇ. ಗಂಡ ಕೆಳಗೆ ಇಳಿದಾಗ ಅಂಗಿ ಬೆವರಿನಿಂದ ಒದ್ದೆ. ತುದಿ ನಡುವಿನಿಂದ ಒಂದೂಕಾಲು ಇಂಚು ಬಲಕ್ಕಿತ್ತು. ಉಳಿದ ಏಳನ್ನೂ ಅಳೆದೆವು, ಎಲ್ಲವೂ ನಡುವಿಗೆ ಇದ್ದವು. ಆರು, ಏಳು, ಎಂಟನೆಯದನ್ನು ಕಟ್ಟಿದ್ದು ಇವರೊಬ್ಬರೇ. ಅದನ್ನು ನಾನು ಹೇಳಿದಾಗ, "ಆಗ್ಬೇಕಲ್ಲ ಮತ್ತೆ," ಎಂದರು.

ಮಳೆ ನಿಂತ ಮೇಲೆ ಕೆಡವಲು ಶುರುಮಾಡಿದರು. ಹಂಚು, ಮರ ಮೊದಲೇ ಇಳಿಸಿದ್ದರು. ಎದುರಿನ ಗೋಡೆಯನ್ನು ಜೆಸಿಬಿ ಒಂದೇ ದಿನದಲ್ಲಿ ಮುಗಿಸಿತು. ಮೇಸ್ತ್ರಿಯವರು ಪಾದ್ರಿಗಳಲ್ಲಿ ಒಂದನ್ನು ಕೇಳಿಕೊಂಡಿದ್ದರು. ಐದನೆಯ ಕಿಟಕಿಯನ್ನು ಕೈಯಲ್ಲಿ ಬಿಚ್ಚಬೇಕು, ಬಲದಿಂದ ಬಿಚ್ಚಬೇಕು, ತಾನು ಇರುವಾಗ ಬಿಚ್ಚಬೇಕು. ಪಾದ್ರಿಗಳು ಆ ಒಂದು ತುಂಡು ಗೋಡೆಯನ್ನು ಶನಿವಾರದವರೆಗೆ ಇಡಿಸಿದರು. ನಾನು ಮಧ್ಯಾಹ್ನ ಶಾಲೆ ಬಿಟ್ಟವಳೇ ಹೋದೆ. ಮೇಸ್ತ್ರಿಯವರು ಮಗಳ ಜೊತೆ ರಿಕ್ಷಾದಲ್ಲಿ ಬಂದಿದ್ದರು.

ಇಬ್ಬರು ಕೆಲಸದವರು ಮೇಲೆ ಹತ್ತಿದರು. ಕುರ್ಚಿಯಿಂದ ಮೇಸ್ತ್ರಿಯವರು ಕೂಗಿದರು, "ಮೊದಲು ಎಡಕ್ಕೆ ಒಂದು ಕಂಬ ಕೊಡಿ. ಇಲ್ಲದಿದ್ರೆ ಒಂದು ಕಡೆ ತೆಗೆದಾಗ ಇನ್ನೊಂದೂ ಬರ್ತದೆ." ಅವರು ಕಂಬ ಕೊಟ್ಟರು. ಮೇಲಿನ ಗೋಡೆಯನ್ನು ಇಳಿಸಿ, ಬೆಣೆಕಲ್ಲು ತೆಗೆದು, ಬಲದ ಕಡೆಯ ಕಲ್ಲುಗಳನ್ನು ಒಂದೊಂದಾಗಿ ಕೆಳಗೆ ಕೊಟ್ಟರು. ಹಳೆಯ ಗಾರೆ ಕೆಲವು ಕಡೆ ಪುಡಿಯಾಯಿತು, ಕೆಲವು ಕಡೆ ಹಾರೆ ಹಾಕಿದರೂ ಬಿಡಲಿಲ್ಲ. ಒಂದು ಗಂಟೆಯಲ್ಲಿ ಬಲಭಾಗ ಮುಗಿಯಿತು. ಎಡದ ಅರ್ಧ ಕಮಾನು ಮಾತ್ರ ಕಂಬಕ್ಕೆ ಒರಗಿ, ತುದಿ ಗಾಳಿಗೆ ಚಾಚಿ ನಿಂತಿತ್ತು.

"ನಿಲ್ಲಿ," ಎಂದು ಮೇಸ್ತ್ರಿಯವರು ಎದ್ದರು. ಮಗಳು ತೋಳು ಹಿಡಿದರು. ಬಿದ್ದ ಕಲ್ಲುಗಳ ಅಂಚಿನವರೆಗೆ ಹೋಗಿ ಅವರು ಮೇಲೆ ನೋಡಿದರು. ಕೆಲಸದವರು ಕೈ ಕಟ್ಟಿ ಕಾದರು.

"ಅಣ್ಣ ಬಿದ್ದ ದಿನ ಹೀಗೇ ಇತ್ತು," ಎಂದರು.

ನಾನು ಫೋಟೋ ತೆಗೆದೆ. ಒಂದು ಅರ್ಧ ಕಮಾನಿನದ್ದು, ಒಂದು ಅವರು ಅದನ್ನು ನೋಡುತ್ತಿರುವುದು. ಅವರಿಗೆ ಶಟರಿನ ಶಬ್ದ ಕೇಳಿತೋ ಇಲ್ಲವೋ, ತಿರುಗಲಿಲ್ಲ. ಮುಖದ ಮೇಲೆ ಕಲ್ಲಿನ ಕೆಂಪು ಧೂಳು ಕೂತಿತ್ತು. ಬೈರಾಸಿನಿಂದ ಒರೆಸಿಕೊಂಡರು.

"ಸಾಕು. ಇಳಿಸಿ," ಎಂದರು.

ಕಂಬ ತೆಗೆಯುವಾಗ ನಾವು ಹಲಸಿನ ಮರದ ಕೆಳಗೆ ಹೋದೆವು. ಬಿದ್ದ ಶಬ್ದ ದೊಡ್ಡದೇನೂ ಇರಲಿಲ್ಲ. ಪಾದ್ರಿಗಳು ಬಂದು, ಒಂದೆರಡು ಕಲ್ಲು ಮನೆಗೆ ತೆಗೆದುಕೊಂಡು ಹೋಗಿ, ನೆನಪಿಗೆ ಇರಲಿ ಎಂದರು.

"ಕಲ್ಲಾ? ಎಂತಕ್ಕೆ ಅಚ್ಚಾ, ಮನೆಯಲ್ಲಿ ಉಂಟಲ್ಲ," ಎಂದರು ಮೇಸ್ತ್ರಿಯವರು. ಪಾದ್ರಿಗಳು ನಕ್ಕರು. ಮಗಳು ಮಾತ್ರ ಅಪ್ಪನಿಗೆ ಕಾಣದ ಹಾಗೆ ಬೆಣೆಕಲ್ಲಿನ ಒಂದು ಚೂರನ್ನು ಕೈಚೀಲಕ್ಕೆ ಹಾಕಿಕೊಂಡರು. ನನ್ನನ್ನು ನೋಡಿ ಸುಮ್ಮನಿರುವಂತೆ ಕಣ್ಣಲ್ಲೇ ಹೇಳಿದರು.

ಹೊಸ ಚರ್ಚು ಈಗ ಎದ್ದಿದೆ. ಅದಕ್ಕೂ ಚೂಪು ಕಿಟಕಿಗಳೇ. ಕಬ್ಬಿಣದ ಅಚ್ಚಿನಲ್ಲಿ ಎರಕ ಹೊಯ್ದದ್ದು, ಎಲ್ಲವೂ ಒಂದೇ ಸಮ. ಚೆನ್ನಾಗಿ ಬೆಳಕು ಬರುತ್ತದೆ, ಭಾನುವಾರ ಯಾರೂ ಹೊರಗೆ ನಿಲ್ಲಬೇಕಾಗಿಲ್ಲ. ಹಳೆಯ ಚರ್ಚಿನ ಫೋಟೋಗಳನ್ನು ಹೊಸ ಹಾಲಿನಲ್ಲಿ ಖಾಯಂ ಆಗಿ ಹಾಕುತ್ತೇವೆ ಎಂದು ಪಾದ್ರಿಗಳು ಹೇಳಿ ಕಳಿಸಿದಾಗ ನಾನು ಐದನೆಯದನ್ನು ಬದಲಿಸಿ ತಂದೆ. ಮೇಸ್ತ್ರಿಯವರು ಅರ್ಧ ಕಮಾನು ನೋಡುತ್ತಿರುವ ಫೋಟೋವನ್ನೂ ತಂದೆ.

ಪಾದ್ರಿಗಳು ಐದನೆಯ ಕಿಟಕಿಯನ್ನು ಕೈಯಲ್ಲಿ ಹಿಡಿದು ತಲೆ ಓರೆ ಮಾಡಿದರು. "ಇದು ಸ್ವಲ್ಪ ವಾಲಿದೆಯಲ್ಲ ಟೀಚರೇ. ಸರಿ ಮಾಡ್ಲಿಕ್ಕೆ ಆಗುದಿಲ್ವಾ?"

"ಸರಿ ಮಾಡ್ಲಿಕ್ಕೆ ಆಗ್ತದೆ ಫಾದರ್. ಮಾಡ್ಬಾರದು," ಎಂದೆ. ಬಲದಿಂದಲೇ ಬಿಚ್ಚಬೇಕು ಎಂದು ಮೇಸ್ತ್ರಿಯವರು ಯಾಕೆ ಹೇಳಿದ್ದರೆಂದು ಪಾದ್ರಿಗಳಿಗೆ ಗೊತ್ತಿರಲಿಲ್ಲ. ಪ್ರಾಯದವರ ಒಂದು ಆಸೆ ಎಂದುಕೊಂಡಿದ್ದರು. ನಾನು ಎಲ್ಲವನ್ನೂ ಹೇಳಿದೆ.

ಅವರು ಕೂತು ಕೇಳಿದರು. ಮುಗಿದ ಮೇಲೆ ಎದ್ದು ಕಪಾಟಿನಿಂದ ಚರ್ಚಿನ ಹಳೆಯ ಪುಸ್ತಕ ತಂದರು. ಕಟ್ಟಿಸಿದ ಪಾದ್ರಿಗಳ ಹೆಸರಿತ್ತು, ಆಶೀರ್ವದಿಸಿದ ಬಿಷಪರ ಹೆಸರಿತ್ತು, ಜಾಗ ಕೊಟ್ಟವರದ್ದು, ಗಂಟೆ ಕೊಟ್ಟವರದ್ದು ಇತ್ತು. ಕೆಲಸದವರದ್ದು ಎಲ್ಲಿಯೂ ಇರಲಿಲ್ಲ.

"ಫೋಟೋದ ಕೆಳಗೆ ಇಬ್ಬರದ್ದೂ ಬರೆಯುವ. ಅಣ್ಣನ ಹೆಸರೇನು?" ಎಂದರು.

ನನಗೆ ಗೊತ್ತಿರಲಿಲ್ಲ. ಇಷ್ಟು ಸಲ ಹೋಗಿ ಬಂದರೂ ಕೇಳಿರಲಿಲ್ಲ. ಮೇಸ್ತ್ರಿಯವರ ಮಗಳಿಗೆ ಫೋನ್ ಮಾಡಿದೆ.

"ದೊಡ್ಡಪ್ಪನದ್ದಾ?" ಎಂದರು. "ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಬೇರೆ ಟೀಚರೇ. ಸರಿಯಾದ ಹೆಸರು ಹಳೆಯ ರೇಷನ್ ಕಾರ್ಡಿನಲ್ಲಿ ಇರ್ಬೇಕು. ನಿಲ್ಲಿ, ಅಪ್ಪನಲ್ಲಿ ಕೇಳಿ ನೋಡಿ ಹೇಳ್ತೇನೆ."

ಪಾದ್ರಿಗಳು ಪೆನ್ನಿನ ಮುಚ್ಚಳ ತೆಗೆದು ಕಾದರು. ಹತ್ತು ನಿಮಿಷದಲ್ಲಿ ಮೇಸ್ತ್ರಿಯವರ ಮಗಳು ತಿರುಗಿ ಫೋನ್ ಮಾಡಿ ಒಂದೊಂದೇ ಅಕ್ಷರ ಹೇಳಿದರು. ಮಲಯಾಳದಲ್ಲಿ ಬರೆದು ರೂಢಿಯಾದ ಪಾದ್ರಿಗಳು ಕನ್ನಡದಲ್ಲಿ ಒಂದು ಒತ್ತಕ್ಷರ ತಪ್ಪಿದರು. ನಾನು ತೋರಿಸಿದೆ. ಅವರು ಇನ್ನೊಂದು ಕಾಗದ ತೆಗೆದುಕೊಂಡು ಮೊದಲಿನಿಂದ ಬರೆದರು.